ಹಂಪಮ್ಮನಿಗೆ ಯಾರೂ ಹೇಳದ ಮಾತು

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಂಪಮ್ಮ ರವಿಕೆ ಹೊಲಿಯುತ್ತಿದ್ದಳು. ಅವಳ ಕೈಗೆ ಹೆಸರಿತ್ತು, ಕುಂದುರ್ಪಿಯಿಂದಲೂ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಆದರೆ ಈಚೆಗೆ ಬಂದವರು ಮೈಯಳತೆ ಕೊಡುತ್ತಿರಲಿಲ್ಲ. ಮೆಟ್ಟಿಲ ಮೇಲೇ ನಿಂತು, ಅಳತೆಗೆಂದು ಒಂದು ಹಳೇ ರವಿಕೆ ಚಾಚಿ ಹೋಗಿಬಿಡುತ್ತಿದ್ದರು.

ಆ ದಿನ ಪಕ್ಕದ ಬೀದಿಯ ಶಿರೀಷಾ ಮದುವೆಯ ರವಿಕೆಗೆ ಬಟ್ಟೆ ತಂದಳು.

“ಒಳಕ್ಕೆ ಬಾ ಕಣಮ್ಮ. ಮದುವೆ ರವಿಕೆ, ಅಳತೆ ತಗೊಂಬುಡ್ತೀನಿ.”

“ಬ್ಯಾಡ ಆಂಟಿ, ಇದರಂಗೇ ಹೊಲೀರಿ, ಸಾಕು,” ಎಂದ ಹುಡುಗಿ ಮುಖ ಪಕ್ಕಕ್ಕೆ ತಿರುಗಿಸಿ, ರವಿಕೆ ಕೊಟ್ಟು ಇಳಿದೇಬಿಟ್ಟಳು.

ಹಂಪಮ್ಮ ಹುಡುಗಿಯನ್ನು ಬೈದುಕೊಳ್ಳಲಿಲ್ಲ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮದುವೆ ಹುಡುಗಿಯ ಮೈಗೆ ಗಂಡ ಸತ್ತವಳ ಕೈ ತಾಗಬಾರದೆಂದು ಮನೆಯವರು ಹೇಳಿ ಕಳಿಸಿರಬೇಕು ಎಂದುಕೊಂಡಳು. ಬಸ್ಸಿನಲ್ಲಿ ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಾಗಲೂ ಹಾಗೆಯೇ ಅಂದುಕೊಂಡಿದ್ದಳು. ಮಧ್ಯಾಹ್ನ ಗಲ್ಲಿ ಬಿಕೋ ಎನ್ನುವಾಗ ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿಯನ್ನು ವಸಡಿಗೆ ತಿಕ್ಕಿ ಗೋಡೆಗೊರಗುತ್ತಿದ್ದಳು. ಹಲ್ಲುನೋವಿಗೆಂದು ಶುರುವಾದ ಪುಡಿ ಬರುಬರುತ್ತಾ ಜೊತೆಗಾರನಾಗಿತ್ತು. ಮಾತಾಡಲು ಬೇರೆ ಯಾರಿದ್ದರು?

ಹಿಂದೂಪುರದ ತಮ್ಮ ಅಮರೇಶನಿಗೆ ಹೆಣ್ಣು ಮಗು ಹುಟ್ಟಿದ ಸುದ್ದಿ ಬಂದಾಗ ಮಾತ್ರ ಅವಳ ಮುಖ ಅರಳಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆ ಮನೆಯಲ್ಲಿ ಸೋದರತ್ತೆ ಎಂದರೆ ಅವಳೊಬ್ಬಳೇ. ಮೆತ್ತಗಿನ ಬಟ್ಟೆಯಲ್ಲಿ ನಾಲ್ಕು ಅಂಗಿ ಹೊಲಿದುಕೊಂಡು, ನಾಮಕರಣಕ್ಕೆ ಇನ್ನೂ ತಿಂಗಳಿರುವಾಗಲೇ ಹಿಂದೂಪುರಕ್ಕೆ ಹೊರಟಳು.

ಕಾಫಿ ಕೊಟ್ಟ ಮೇಲೆ ಅಮರೇಶ ಕಿಟಕಿಯ ಪಕ್ಕ ಹೋಗಿ ನಿಂತ. ಅವಳು ಎತ್ತಿ ಆಡಿಸಿದ ತಮ್ಮ, ಅವಳ ಕಡೆ ನೋಡದೇ ಮಾತು ಶುರು ಮಾಡಿದ.

“ಅಕ್ಕಾ, ಬೇಜಾರ್ ಮಾಡ್ಕೋಬ್ಯಾಡ. ಮಗೀನ ಹೆಸ್ರು ನನ್ ಹೆಂಡ್ತಿ ಕಡೇರು ಯಾರಾದ್ರೂ ಹೇಳ್ಲಿ. ಗಂಡ ಇಲ್ದೋರು ಹೇಳಬಾರ್ದು ಅಂತ ದೊಡ್ಡೋರು ಅಂತವ್ರೆ.”

“ಆಗ್ಲಿ ಬಿಡಪ್ಪ,” ಎಂದಳು ಹಂಪಮ್ಮ. ಲೋಟ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು.

ಅಲ್ಲಿಗೆ ಬಂದವಳು ಬಾಣಂತಿ ಮೌನಿಕಾ. ತೆಲುಗಿನ ಮನೆಯಿಂದ ಬಂದ ಹುಡುಗಿ, ಗಂಡನ ಅಕ್ಕನನ್ನು ವದಿನಾ ಎಂದೇ ಕರೆಯುತ್ತಿದ್ದಳು.

“ವದಿನಾ, ಯಾವ ದೊಡ್ಡೋರೂ ಏನೂ ಅಂದಿಲ್ಲ. ಅವ್ರಿಗೆ ಹೇಳೋಕೆ ಧೈರ್ಯ ಇಲ್ಲ. ನಿಮ್ಮ ಬಾಯಿ ವಾಸನೆ ಬರ್ತದೆ. ಭಾಳ ಬರ್ತದೆ. ಹತ್ರ ಕೂರೋಕೆ ಆಗಲ್ಲ.”

ಹಂಪಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೆರಗು ತಾನಾಗಿ ಬಾಯಿಗೆ ಹೋಯಿತು. ಮೆಟ್ಟಿಲ ಮೇಲೇ ನಿಂತವರು, ಬಸ್ಸಿನಲ್ಲಿ ಎದ್ದು ಹೋದವರು, ಎಲ್ಲರೂ ಒಟ್ಟಿಗೆ ನೆನಪಾದರು. ಗಂಡನೂ ನೆನಪಾದ. ಸಾರಿಗೆ ಉಪ್ಪು ಹೆಚ್ಚಾದರೆ ಮುಖದ ಮೇಲೇ ಹೇಳುತ್ತಿದ್ದ ಮನುಷ್ಯ, ಇದನ್ನು ಮೊದಲ ದಿನವೇ ಹೇಳಿರುತ್ತಿದ್ದ. ತನ್ನ ಬಾಯಿಯ ವಾಸನೆ ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿರಲಿಲ್ಲ. ಹೇಳುವಷ್ಟು ಹತ್ತಿರದವರು ಯಾರೂ ಉಳಿದಿರಲಿಲ್ಲ.

ಬಾಗಿಲಲ್ಲಿ ಅಮರೇಶ ತಲೆ ತಗ್ಗಿಸಿ ನಿಂತಿದ್ದ. “ಹೇಳಿದ್ರೆ ನೊಂದ್ಕೊಂತೀಯ ಅಂತ ಸುಮ್ಕಿದ್ದೆ ಕಣಕ್ಕ.”

“ಮುಂಡೆ ಅಂದ್ರೆ ನೋಯಾಕಿಲ್ವೇನಪ್ಪ? ಬಾಯಾದ್ರೆ ತೊಳ್ಕೊಂಬೋದು. ಅದನ್ನ ಎಲ್ಲಿ ತೊಳ್ಕೊಳ್ಲಿ?”

ಸಂಜೆ ಅಮರೇಶ ತಾನೇ ಅವಳನ್ನು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರು ನೋಡಿ, ವಸಡಿನಲ್ಲಿ ಕೀವು ತುಂಬಿದೆ, ಹಲ್ಲಿನ ಬುಡದಲ್ಲಿ ಗಾರೆಯಂತೆ ಕೊಳೆ ಕಟ್ಟಿದೆ ಎಂದರು.

“ಲವಂಗ ಅಗೀತಿದ್ರೆ ಹೋಗಲ್ವಾ ಸಾರ್?”

“ವಾಸನೆ ಸ್ವಲ್ಪ ಹೊತ್ತು ಮುಚ್ಚುತ್ತೆ, ಕಾಯಿಲೆ ಒಳಗೇ ಇರುತ್ತೆ. ಹಲ್ಲು ಕ್ಲೀನ್ ಮಾಡಿಸ್ಕೊಳ್ಳಿ, ಆ ಪುಡಿ ಬಿಡಿ. ಬೆಳಗ್ಗೆ, ಮಲಗೋ ಮುಂಚೆ ಹಲ್ಲುಜ್ಜಿ ನಾಲಿಗೇನೂ ಉಜ್ಜಿ. ನೀರು ಕುಡೀರಿ, ಬಾಯಿ ಒಣಗಿಸ್ಕೋಬೇಡಿ. ಮಾತಿಲ್ದೆ ಕೂತ್ರೂ ಬಾಯಿ ಒಣಗುತ್ತೆ, ದಿನಾ ಒಂದಿಷ್ಟು ಮಾತಾದ್ರೂ ಆಡ್ತೀರೋ ಇಲ್ವೋ?”

“ಯಾರ ಜೊತೆ ಸಾರ್?” ಎಂದಳು ಹಂಪಮ್ಮ.

ಹಲ್ಲು ಕ್ಲೀನಾಯಿತು. ಕಲ್ಯಾಣದುರ್ಗಕ್ಕೆ ಮರಳಿದ ಮೇಲೆ ಪುಡಿ ಬಿಡುವುದು ಮಾತ್ರ ಪ್ರಾಣಸಂಕಟವಾಯಿತು. ಮಧ್ಯಾಹ್ನವಾದರೆ ಕೈ ತಡಕಾಡುತ್ತಿತ್ತು. ಎರಡು ಸಲ ಸೋತು ತಿಕ್ಕಿಕೊಂಡಳು, ತನ್ನನ್ನೇ ಬೈದುಕೊಂಡು ಉಗುಳಿದಳು. ಇನ್ನೊಂದು ಕಷ್ಟವಿತ್ತು. ವಾಸನೆ ಹೋಯಿತೋ ಇಲ್ಲವೋ ತನಗೆ ತಿಳಿಯುವುದಿಲ್ಲ, ಯಾರನ್ನಾದರೂ ಕೇಳಲೇಬೇಕು. ರವಿಕೆ ಒಯ್ಯಲು ಬಂದ ಶಿರೀಷಾಳನ್ನು ನಾಚಿಕೆ ಬಿಟ್ಟು ತಡೆದಳು.

“ನಿಂಗೆ ಕೈ ಮುಗೀತೀನಿ ಕಣಮ್ಮ, ದಿಟ ಹೇಳು. ನನ್ನ ಬಾಯಿ ಇನ್ನೂ ವಾಸನೆ ಹೊಡೀತದಾ?”

ಹುಡುಗಿಯ ಮುಖ ಕೆಂಪಾಯಿತು. ಮೆಟ್ಟಿಲು ಹತ್ತಿ ಹತ್ತಿರ ಬಂದಳು. “ಒಸಿ ಐತೆ ಆಂಟಿ. ಮುಂಚಿನಂಗಿಲ್ಲ.” ಆಮೇಲೆ ಮೆಲ್ಲಗೆ, “ಮುಂಚೇನೇ ಹೇಳಬೇಕಿತ್ತು. ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ,” ಎಂದಳು.

“ಇನ್ಮ್ಯಾಕೆ ಹೇಳು. ಈ ಕಡೆ ಬಂದಾಗೆಲ್ಲ ಹೇಳು.”

ಶಿರೀಷಾ ಮದುವೆಯ ಗಡಿಬಿಡಿಯಲ್ಲೂ ಬರುತ್ತಿದ್ದಳು. ಬಂದವಳು ಅದಷ್ಟನ್ನೇ ಹೇಳಿ ಹೋಗುತ್ತಿರಲಿಲ್ಲ, ಕೂತು ಹರಟುತ್ತಿದ್ದಳು. ಒಂದು ದಿನ, “ಈಗ ಏನೂ ಇಲ್ಲ ಆಂಟಿ,” ಎಂದು ನಕ್ಕಳು.

ನಾಮಕರಣದ ದಿನ ಹಿಂದೂಪುರದ ಮನೆ ತುಂಬಿತ್ತು. ತೊಟ್ಟಿಲ ಬಳಿ ಹಿರಿಯಳೊಬ್ಬಳು, ಗಂಡ ಸತ್ತವಳೇಕೆ ಮುಂದೆ ಬಂದಳೆಂದು ರಾಗ ಎಳೆದಳು. ಈ ಸಲ ಅಮರೇಶ ಕಿಟಕಿಯ ಕಡೆ ಹೋಗಲಿಲ್ಲ.

“ನಮ್ಮಕ್ಕನೇ ಹೇಳೋದು. ಅವ್ಳು ಹೇಳಿದ್ರೇನೇ ನನ್ ಮಗೀಗೆ ಹೆಸ್ರು,” ಎಂದ.

ಹಂಪಮ್ಮ ಬಗ್ಗುವ ಮುನ್ನ ಅಳುಕಿ ಮೌನಿಕಾಳತ್ತ ನೋಡಿದಳು. ಮೌನಿಕಾ ತಾನೇ ಮಗುವನ್ನೆತ್ತಿ ಅವಳ ಮುಖಕ್ಕೆ ಹತ್ತಿರ ಹಿಡಿದಳು. “ಬನಶ್ರೀ,” ಎಂದು ಹಂಪಮ್ಮ ಆ ಪುಟ್ಟ ಕಿವಿಯಲ್ಲಿ ಉಸುರಿದಳು. ಮಗು ಮುಖ ತಿರುಗಿಸಲಿಲ್ಲ.

ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಗುದ್ದುವುದು ಅವರ ಮನೆಯ ಪದ್ಧತಿ. ಹೆಂಗಸರು ಕೇಕೆ ಹಾಕಿ ಮುತ್ತಿದರು, ಹಿರಿಯಳೂ ಕೊನೆಗೆ ಒಂದು ಗುದ್ದು ಹಾಕಿದಳು. ಆರು ವರ್ಷಗಳಿಂದ ಯಾರೂ ಮುಟ್ಟದ ಬೆನ್ನು ಅದು. ಹಂಪಮ್ಮನ ಕಣ್ಣು ತುಂಬಿ ಹರಿಯಿತು.

“ಸಾಕು ಬಿಡ್ರೇ, ನೋವಾಗೈತೆ, ಅಳ್ತಾವ್ಳೆ,” ಎಂದರು ಯಾರೋ.

“ಇಲ್ಲ ಕಣ್ರಮ್ಮ,” ಎಂದಳು ಹಂಪಮ್ಮ, ಬೆನ್ನು ಬಗ್ಗಿಸಿಕೊಂಡೇ. “ಇನ್ನೊಂದೆರಡು ಗುದ್ರಿ.”