ಎಡಗಡೆಯ ದನಿ

ಎಡಗಡೆಯ ಅರ್ಧ ಮೀಸೆ ಆಗಲೇ ಹೋಗಿತ್ತು. ಮಡಿವಾಳಯ್ಯ ಕ್ಷೌರದ ಕತ್ತಿಯನ್ನು ಒರೆಸಿ ಮಡಚಿಟ್ಟು ಕನ್ನಡಿಯಲ್ಲಿ ಮುಖ ನೋಡಿಕೊಂಡ. ಬಲಗಡೆ ಪೊದೆಮೀಸೆ, ಎಡಗಡೆ ಬೋಳು ತುಟಿ. ಎದುರಿಗೆ ಕನ್ನಡಿ ಹಿಡಿದು ಕೂತಿದ್ದ ತಬಲಾದ ನಬೀಸಾಬನಿಗೆ ನಗು ತಡೆಯಲಾಗಲಿಲ್ಲ.

"ಇನ್ನ ಹಿಂದಕ್ಕ ಸರಿಯೋಹಂಗಿಲ್ಲ ನೋಡ್ರಿ ಅಯ್ನೋರ," ಅಂದ. "ಈ ಮುಖ ತಗೊಂಡು ಹಂಗೇ ಊರಿಗೆ ಹೋದ್ರ ನಾಯಿ ಬೆನ್ನ ಹತ್ತತಾವ."

"ಸುಮ್ಮ ಕನ್ನಡಿ ಹಿಡೀಯಪ್ಪ. ಯಾಕ ಕೈ ನಡಗಸ್ತಿ?"

"ನನ್ನ ಕೈ ಗಟ್ಟಿ ಅದರಿ. ನಡಗೋದು ನಿಮ್ಮ ಮುಖ."

ಮಡಿವಾಳಯ್ಯ ಅರಿಶಿನದ ಬಟ್ಟಲಿಗೆ ಕೈ ಹಾಕಿದ.

ಇಬ್ಬರೂ ಆಡಕಿ ಎಂಬ ಊರಿನವರು. ಹಗಲುವೇಷ ಹಾಕಿಕೊಂಡು ಸೇಡಂ, ಚಿಂಚೋಳಿ ಕಡೆಯ ಊರೂರು ತಿರುಗುವುದು ಅವರ ಕಸುಬು. ಒಂದೂರಿಗೆ ಹೋದರೆ ಅಲ್ಲಿ ಕೆಲವು ದಿನ ಬಿಡಾರ, ದಿನಕ್ಕೊಂದು ವೇಷ. ಸುಲೇಪೇಟೆಗೆ ಬಂದು ಮಠದ ಪಡಸಾಲೆಯಲ್ಲಿ ಇಳಿದ ಮೇಲೆ ಮಡಿವಾಳಯ್ಯ ಒಂದು ದಿನ ಹನುಮಂತನಾಗಿದ್ದ, ಇನ್ನೊಂದು ದಿನ ನಿಜಾಮ ಸರಕಾರದ ಅಮೀನಸಾಹೇಬನಾಗಿದ್ದ. ಆ ಅಮೀನಸಾಹೇಬ ಉರ್ದುವಿನಲ್ಲಿ ಗದರಿಸಿದ ಜೋರಿಗೆ ಪೇಟೆಯ ಸಾಹುಕಾರನೊಬ್ಬ ಗಾದಿಯಿಂದೆದ್ದು ಸಲಾಮು ಹೊಡೆದಿದ್ದ. ಆಮೇಲೆ ಅದು ವೇಷವೆಂದು ಹೊಳೆದು, ಹೋದ ಮರ್ಯಾದೆ ಉಳಿಸಿಕೊಳ್ಳಲು ಬೇಕೆಂದೇ ಮಾಡಿದವನಂತೆ ಇನ್ನೊಂದು ಸಲಾಮು ಹೊಡೆದಿದ್ದ.

ಕಡೆಯ ದಿನಕ್ಕೆ ಅರ್ಧನಾರಿ. ಬಲಗಡೆ ಶಿವ, ಎಡಗಡೆ ಪಾರ್ವತಿ, ಒಂದೇ ಮೈಯಲ್ಲಿ ಗಂಡಹೆಂಡಿರ ಜಗಳ. ಈ ಸೀಮೆಯಲ್ಲಿ ಅದನ್ನು ಮಡಿವಾಳಯ್ಯನ ಹಾಗೆ ಮಾಡುವವರು ಇರಲಿಲ್ಲ. ಹೆಂಡತಿ ಸಿದ್ದಮ್ಮ ತೀರಿಕೊಂಡ ಮೇಲೆ ಅವನೂ ಮಾಡಿರಲಿಲ್ಲ.

ಯಾಕೆಂದರೆ ಆ ಪಾರ್ವತಿ ಸಿದ್ದಮ್ಮನೇ ಆಗಿದ್ದಳು. ಬೈಯುವ ಮೊದಲು ನಾಲಿಗೆಯಿಂದ 'ಚ್' ಎನ್ನುವುದು, ಗಂಡನನ್ನು 'ಅಯ್ನೋರ' ಎಂದು ಕರೆಯುವಾಗ ಗೌರವದ ಜೊತೆಗೆ ಒಂದಿಷ್ಟು ಖಾರ ಬೆರೆಸುವುದು, ಮಾತು ಮುಗಿದ ಮೇಲೆ ಸೆರಗನ್ನು ಕಿವಿಯ ಹಿಂದೆ ಸಿಗಿಸುವುದು, ಎಲ್ಲ ಅವಳದೇ. ಮನೆಯಲ್ಲಿ ಬೆಳಿಗ್ಗೆ ಬೈಸಿಕೊಂಡದ್ದನ್ನು ಮಧ್ಯಾಹ್ನ ಪೇಟೆಯಲ್ಲಿ ಪಾರ್ವತಿಯ ಬಾಯಲ್ಲಿ ಹೇಳಿಬಿಡುತ್ತಿದ್ದ. "ನನ್ನ ಬಾಯಿ ಕಳವು ಮಾಡಿ ಮಂದಿ ಮುಂದ ಕುಣಸ್ತೀರಿ, ನಾಚಿಕಿ ಬರೋದಿಲ್ಲೇನು?" ಎಂದು ಸಿದ್ದಮ್ಮ ಜಗಳ ತೆಗೆಯುತ್ತಿದ್ದಳು. ಮರುದಿನ ಅದೂ ಪಾರ್ವತಿಯ ಬಾಯಿಗೆ ಬರುತ್ತಿತ್ತು. ಅವಳು ಹೋದ ಮೇಲೆ ಎಡಗಡೆ ಬರಿದಾಯಿತು. ಸತ್ತವಳನ್ನು ಬೀದಿಯಲ್ಲಿ ಮಾತಾಡಿಸುವ ಧೈರ್ಯ ಅವನಿಗಿರಲಿಲ್ಲ.

ಈಗ ಮತ್ತೆ ಮೀಸೆಗೆ ಕತ್ತಿ ಹಾಕಿದ್ದು ಮಗಳು ನೀಲಾಳ ಒಂದು ಮಾತಿಗೆ.

ನೀಲಾಳನ್ನು ಕೊಟ್ಟದ್ದು ಇದೇ ಸುಲೇಪೇಟೆಗೆ. ಅಳಿಯ ಶಹಾಬಾದಿನ ಕಲ್ಲುಗಣಿಯಲ್ಲಿ ಮುನಶಿ, ಊರಿಗೆ ಬರುವುದು ಅಪರೂಪ. ಅವಳು ಈಗ ಚೊಚ್ಚಲ ಬಸುರಿ. ಮೊದಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬಿ ಕುಬಸ ಮಾಡಬೇಕು, ಆಮೇಲೆ ಹೆರಿಗೆಗೆ ಕರೆದುಕೊಂಡು ಹೋಗಬೇಕು. ಮೊನ್ನೆ ಮಡಿವಾಳಯ್ಯ ಮೈತೊಳೆದು, ತೊಳೆದ ಧೋತರ ಉಟ್ಟು, ಸೀರೆಯ ಗಂಟು ಹಿಡಿದು ಬೀಗರ ಮನೆಗೆ ಹೋಗಿದ್ದ. ಅಳಿಯನ ತಾಯಿ ಲಲಿತಾಬಾಯಿ ಕೆಟ್ಟ ಹೆಂಗಸಲ್ಲ. ಕುಡಿಯಲು ಮಜ್ಜಿಗೆ ಕೊಟ್ಟಳು, ಗಂಟು ಮಾತ್ರ ಮುಟ್ಟಲಿಲ್ಲ.

"ತಪ್ಪ ತಿಳ್ಕೋಬ್ಯಾಡ್ರಿ ಬೀಗರ," ಅಂದಳು. "ಕುಬಸ ಅಂದ್ರ ತವರಮನಿ ಮುತ್ತೈದಿ ಕೈ ಬೇಕು. ಗಂಡಸರ ಕೈಲೆ ಯಾರರೆ ಉಡಿ ತುಂಬಿಸಿಕೊಂತಾರೇನು?"

"ಬಾಣಂತನಕ್ಕ ಬಾಜೂಮನಿ ಅಮೀರ್ಬೀ ಇದ್ದಾಳರಿ. ನೀಲಾನ್ನ ಹಡಿಸಿದಾಕಿನೂ ಅಕಿನೇ."

"ಬಾಣಂತನ ಯಾರರೆ ಮಾಡ್ಲಿ, ನಾ ಬ್ಯಾಡ ಅನ್ನೋದಿಲ್ಲ. ಆದ್ರ ಕುಬಸ ಆಗದ ಬಸುರಿ ಹೆಂಗಸನ್ನ ಹೊಸ್ತಿಲ ದಾಟಸೋದಿಲ್ಲ. ಚೊಚ್ಚಲದ್ದು, ನನಗೂ ಅಂಜಿಕಿ ಅದರಿ."

ಅವನಿಗೆ ಅಕ್ಕತಂಗಿಯರಿರಲಿಲ್ಲ. ಅಮೀರ್ಬೀ ಗಂಡನನ್ನು ಕಳೆದುಕೊಂಡವಳು. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ. ಅಂಗಳದಲ್ಲಿ ಕೈಗೆ ನೀರು ಹಾಕಲು ಬಂದ ನೀಲಾ ತಲೆ ಎತ್ತದೆ ಕೇಳಿದಳು:

"ಅಪ್ಪಾ, ಈ ಸಲ ಅರ್ಧನಾರಿ ಹಾಕೋದಿಲ್ಲೇನು?"

"ಇಲ್ಲವ್ವಾ. ಅದು ಬಿಟ್ಟೀನಲ್ಲ."

"ಅವ್ವನ ಮುಖ ನೆನಪದ. ದನಿ ಮರೀಲಿಕತ್ತೀನಿ ಅಪ್ಪಾ."

ಚೆಂಬಿನ ನೀರು ಮುಗಿದಿತ್ತು. ಅವನು ಒಣಗೈಯನ್ನೇ ಇನ್ನಷ್ಟು ಹೊತ್ತು ತೊಳೆದುಕೊಂಡ.

ಅದಕ್ಕೇ ಇವತ್ತು ಅರ್ಧ ಮೀಸೆ. ಸಿದ್ದಮ್ಮ ಬರುತ್ತಾಳೋ ಇಲ್ಲವೋ ಅವನಿಗೆ ಖಾತ್ರಿಯಿರಲಿಲ್ಲ. ಬಲಗೆನ್ನೆಗೆ ವಿಭೂತಿ ಬಳಿದ, ಎಡಗೆನ್ನೆಗೆ ಅರಿಶಿನ. ಬಲಗಡೆ ಜಟೆ, ರುದ್ರಾಕ್ಷಿ, ಹುಲಿಚರ್ಮದ ಬಣ್ಣದ ಬಟ್ಟೆ. ಎಡಗಡೆ ತುರುಬು, ಮೂಗುತಿ, ಅರ್ಧ ಸೀರೆ, ಕೈತುಂಬ ಹಸಿರು ಗಾಜಿನ ಬಳೆ. ಕೊನೆಗೆ ಕೆಂಪು ವಸ್ತ್ರ. ಶಿವ ಮಾತಾಡುವಾಗ ಎಡಗೈ ಆ ವಸ್ತ್ರದಿಂದ ಪಾರ್ವತಿಯನ್ನು ಮುಚ್ಚಬೇಕು, ಪಾರ್ವತಿ ಮಾತಾಡುವಾಗ ಬಲಗೈ ಶಿವನನ್ನು ಮುಚ್ಚಬೇಕು. ಎರಡು ಕೈ ಒಟ್ಟಿಗೆ ಕಂಡವೋ, ವೇಷ ಕೆಟ್ಟಿತು.

ಕಸುಬಿನ ಇನ್ನೊಂದು ಕಟ್ಟಳೆ ಇದಕ್ಕಿಂತ ದೊಡ್ಡದು. ಬಣ್ಣ ಹಚ್ಚಿದ ಮೇಲೆ ಅದನ್ನು ತೊಳೆಯುವವರೆಗೆ ಸ್ವಂತ ಮಾತಿಲ್ಲ. ವೇಷಕ್ಕೆ ಮಗಳಿಲ್ಲ, ಬೀಗರಿಲ್ಲ. ಒಮ್ಮೆ ಕುರಕುಂಟಾದಲ್ಲಿ ಹನುಮಂತನಾಗಿದ್ದಾಗ ಚೇಳು ಕಡಿದರೂ ಮಡಿವಾಳಯ್ಯ "ಜೈ ಶ್ರೀರಾಮ" ಎಂದೇ ಕೂಗಿ ಕುಣಿದಿದ್ದ. ಅಷ್ಟು ಚೆಂದದ ಕುಣಿತ ತಾವು ನೋಡಿರಲಿಲ್ಲವೆಂದು ಆ ಊರಿನವರು ಈಗಲೂ ಹೇಳುತ್ತಾರೆ.

ಈ ಕಟ್ಟಳೆ ನಬೀಸಾಬನಿಗೂ ಚೆನ್ನಾಗಿ ಗೊತ್ತು. ಕೆಂಪು ವಸ್ತ್ರ ಕೈಗೆ ಬರುವವರೆಗೂ ಕಾದು, ತಬಲಾ ಸೊಂಟಕ್ಕೆ ಕಟ್ಟಿಕೊಂಡು, ಮೂಲೆಯಲ್ಲಿದ್ದ ಹಸಿರು ಸೀರೆಯ ಗಂಟನ್ನೆತ್ತಿ ಹೆಗಲಿಗೆ ಹಾಕಿಕೊಂಡ. ಯಾಕೆಂದು ಕೇಳುವ ಹಾಗಿರಲಿಲ್ಲ. ಶಿವನಿಗೂ ಪಾರ್ವತಿಗೂ ಆ ಗಂಟಿನ ಸುದ್ದಿ ಗೊತ್ತಿರಬಾರದು. ಮಡಿವಾಳಯ್ಯ ಒಂದು ಕಣ್ಣಲ್ಲಿ ಗುರಾಯಿಸಿದ, ನಬೀಸಾಬ ಆಕಾಶ ನೋಡಿದ.

ಪೇಟೆಯ ಓಣಿಯಲ್ಲಿ ಮಂದಿ ಕಟ್ಟೆಗಳ ಮೇಲೆ, ಬಾಗಿಲುಗಳಲ್ಲಿ ನೆರೆದಿದ್ದರು. ಶಿವ ಬಲಮಗ್ಗುಲಾಗಿ ನಿಂತು ಮೀಸೆ ತಿರುವಿದ.

"ಏ ಗಿರಿಜಾ! ಹೊಟ್ಟಿ ಹಸದದ. ಏನ ಅಡಿಗಿ ಮಾಡೀ?"

ಗಿರಕ್ಕನೆ ತಿರುಗಿದ. ವಸ್ತ್ರ ಈ ಕಡೆಯಿಂದ ಆ ಕಡೆಗೆ ಹಾರಿತು.

"ತೊಗರಿ ತರ್ರಿ ಅಂದ್ರ ಸುಡಗಾಡಿಗೆ ಹೋಗಿ ಬೂದಿ ತಂದ್ರಿ. ಬೂದಿದೇ ಸಾರ ಮಾಡೀನಿ, ಉಣ್ಣ ಬರ್ರಿ!"

ಜನ ನಕ್ಕರು. ಆದರೆ ಮಡಿವಾಳಯ್ಯನಿಗೆ ತಿಳಿಯಿತು, ಇದು ಅವಳಲ್ಲ. ಗಂಡಸು ಗಂಟಲು ಸಣ್ಣ ಮಾಡಿ ತೆಗೆದ ದನಿ. ಯಾವ ವೇಷಗಾರನಾದರೂ ತೆಗೆಯಬಹುದಾದದ್ದು. ನಬೀಸಾಬನಿಗೂ ತಿಳಿದಿರಬೇಕು, ತಲೆ ತಗ್ಗಿಸಿ ತಬಲಾ ನೋಡಿಕೊಂಡೇ ನುಡಿಸುತ್ತಿದ್ದ. ಒಬ್ಬ ಮುದುಕಿ ಬಂದು ಪಾರ್ವತಿಯ ಕಾಲಿಗೆ ಬಿದ್ದು, "ಯವ್ವಾ, ಎಮ್ಮಿ ಹಾಲ ಕೊಡವಲ್ದು," ಅಂದಳು. "ಹಿಂಡಿ ನೀ ತಿಂದು ಹಾಲ ಅದಕ್ಕ ಕೇಳಿದ್ರ ಹೆಂಗ?" ಅಂದಳು ಪಾರ್ವತಿ. ಮತ್ತೆ ನಗು. ಮಾತು ಸರಿಯಾಗಿತ್ತು, ದನಿ ಮಾತ್ರ ಬರಲಿಲ್ಲ. ಅವನಿಗೆ ಅಳು ಬರುವಷ್ಟು ಸಂಕಟವಾಯಿತು. ಬೀಗರ ಮನೆ ಇನ್ನು ನಾಲ್ಕು ಬಾಗಿಲು ಆಚೆ ಇತ್ತು.

ಲಲಿತಾಬಾಯಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅರ್ಧನಾರಿ ಮನೆಮುಂದೆ ಬಂದರೆ ಮುತ್ತೈದೆಯರು ಎಡಗಡೆಗೆ ಉಡಿ ತುಂಬುವುದು ಇಲ್ಲಿಯ ರೂಢಿ. ಅವಳು ಭಕ್ತಿಯಿಂದಲೇ ಪಾರ್ವತಿಯ ಉಡಿಗೆ ಅಕ್ಕಿ ಹಾಕಿ ಕುಂಕುಮ ಹಚ್ಚಿದಳು. ಹಿಂದಿನಿಂದ ನೀಲಾ ನಿಧಾನವಾಗಿ ಬಂದು, ಬಗ್ಗಲಾಗದೆ ಬಗ್ಗಿ, ಎಡಗಾಲನ್ನು ಮಾತ್ರ ಮುಟ್ಟಿದಳು. ಇವಳು ಯಾರ ಮಗಳೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ವೇಷಕ್ಕೆ ಕೊಡುವ ಮರ್ಯಾದೆ ಅದು.

"ಅವ್ವಾ," ಅಂದಳು ನೀಲಾ. "ನನಗ ಭಾಳ ಅಂಜಿಕಿ ಬರ್ಲಿಕತ್ತದ."

ಅಪ್ಪನ ಮಾತು ಗಂಟಲ ತನಕ ಬಂತು. ಅದನ್ನು ನುಂಗಿದ. ನುಂಗಿದ ಜಾಗದಿಂದ, ಅವನು ಕರೆಯದೇ, ಅದು ಬಂತು.

"ಚ್!"

ತಬಲಾದ ಮೇಲೆ ನಬೀಸಾಬನ ಕೈ ಗಕ್ಕನೆ ನಿಂತಿತು.

"ಚ್! ಹುಚ್ಚ ಹುಡುಗಿ. ಅಂಜೋದು ಏನದ ಅದರಾಗ? ನಿನ್ನ ಹಡೀವಾಗ ನನಗೂ ಅಂಜಿಕಿ ಬಂದಿತ್ತು. ಆದ್ರ ಒಳಗ ನಾ ಹಲ್ಲ ಕಚ್ಚಿ ಸುಮ್ಮ ಇದ್ದೆ, ಹೊರಗ ಈ ಅಯ್ನೋರು ಕಂಬ ತಬ್ಬಿಕೊಂಡು ಹೋ ಅಂತ ಅತ್ತರು. ಅಮೀರ್ಬೀ ಹೊರಗ ಬಂದು, 'ಹಡಿಯೋರು ಯಾರರಿ, ನೀವೋ ಅಕಿಯೋ?' ಅಂತ ಬೈದು ಒಳಗ ಬಂದಳು. ಆ ಸಿಟ್ಟಿನಾಗೇ ನಿನ್ನ ಎಳದು ಹೊರಗ ಹಾಕಿದಳು ನೋಡು!"

ಓಣಿಗೆ ಓಣಿಯೇ ನಕ್ಕಿತು. ಕೈಲಾಸಕ್ಕೆ ಅಮೀರ್ಬೀ ಯಾವಾಗ ಹೋಗಿದ್ದಳೆಂದು ಯಾರೂ ಕೇಳಲಿಲ್ಲ. ಸಿದ್ದಮ್ಮ ಈ ಕಥೆಯನ್ನು ಮನೆಯಲ್ಲಿ ನೂರು ಸಲ ಹೇಳಿದ್ದಳು. ಮಂದಿಯ ಮುಂದೆ ಹೇಳಬೇಡ ಮಾರಾಯ್ತಿ ಎಂದು ಅವನು ಕೈಮುಗಿದಿದ್ದ. ಈಗ ಅವನ ಬಾಯಿಂದಲೇ ಹೇಳಿಸಿದಳು. ನೀಲಾ ನಗುತ್ತಿದ್ದಳು, ಕೆನ್ನೆಯೆಲ್ಲ ಒದ್ದೆಯಾಗಿತ್ತು. ಪಾರ್ವತಿ ಸೆರಗನ್ನು ಕಿವಿಯ ಹಿಂದೆ ಸಿಗಿಸಿಕೊಂಡಳು.

"ನಬೀ, ಸುಮ್ಮ ಯಾಕ ನಿಂತಿ? ಆ ಗಂಟ ತಾ ಇಲ್ಲಿ."

"ತಗೋರಿ ಭಾಬೀ," ಅಂದುಬಿಟ್ಟ ನಬೀಸಾಬ. ಇಷ್ಟು ವರ್ಷ ವೇಷದ ಜೊತೆ ತಿರುಗಿದರೂ ಸಿದ್ದಮ್ಮನನ್ನು ಕರೆಯುವ ಹಾಗೆ ಅವನು ವೇಷವನ್ನು ಕರೆದವನಲ್ಲ.

ಗಂಟು ಬಿಚ್ಚಿತು. ಹಸಿರು ಸೀರೆ, ಖಣ, ಬಳೆ. ಪಾರ್ವತಿ ಸೀರೆಯನ್ನು ನೀಲಾಳ ಹೆಗಲಿಗೆ ಹಾಕಿ, ತನ್ನ ಉಡಿಯಿಂದಲೇ ಒಂದು ಹಿಡಿ ಅಕ್ಕಿ ತೆಗೆದು, ಮಗಳು ಒಡ್ಡಿದ ಸೆರಗಿನತ್ತ ಕೈ ಚಾಚಿದಳು.

"ತಡೀರಿ!" ಅಂದಳು ಲಲಿತಾಬಾಯಿ.

ನಗು ನಿಂತಿತು. ಲಲಿತಾಬಾಯಿ ಆ ಬಳೆಗೈಯನ್ನೇ ನೋಡುತ್ತಿದ್ದಳು. "ಎಡಗೈಲೆ ಉಡಿ ತುಂಬಬಾರದು."

ಮಾತು ಖರೆ. ನೆರೆದ ಹೆಂಗಸರಿಗೆಲ್ಲ ಅದು ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಪಾರ್ವತಿಗೆ ಇರುವುದು ಎಡಗೈ ಒಂದೇ. ಬಲಗೈ ವಸ್ತ್ರದ ಹಿಂದಿತ್ತು, ಬೂದಿ ಬಳಿದ ಗಂಡಸಿನ ಕೈ, ಮೊನ್ನೆ ಈ ಮನೆಯಲ್ಲಿ ಬೇಡವೆನಿಸಿಕೊಂಡದ್ದು. ವಸ್ತ್ರ ಬಿಸಾಕಿ ಎರಡೂ ಕೈ ಜೋಡಿಸಿ "ಇಷ್ಟು ನಡಸಿಕೊಡ್ರಿ" ಎಂದು ಬೇಡಿಕೊಳ್ಳಲೇ ಅನ್ನಿಸಿತು. ಬಿಸಾಕಿದರೆ ಸಿದ್ದಮ್ಮ ಹೋಗಿಬಿಡುತ್ತಾಳೆ. ಅವನು ಅಲುಗಾಡದೆ ಹಾಗೇ ನಿಂತ. ಹಿಡಿಯಿಂದ ಅಕ್ಕಿಕಾಳು ಒಂದೊಂದೇ ಜಾರಿ ಬೀಳುತ್ತಿದ್ದವು.

ಲಲಿತಾಬಾಯಿ ಮೊರವನ್ನು ಕಟ್ಟೆಯ ಮೇಲಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಪಾರ್ವತಿಯ ಮಗ್ಗುಲಿಗೆ ಬಂದು ನಿಂತು, ಆ ಎಡಗೈಯ ಕೆಳಗೆ ತನ್ನ ಬಲಗೈ ಕೊಟ್ಟಳು.

"ಈಗ ಎರಡು ಕೈ ಆದವು. ತುಂಬ್ರಿ."

ಎರಡು ಕೈಯ ಬಳೆಗಳು ಒಂದಕ್ಕೊಂದು ತಾಗಿದವು. ಅಕ್ಕಿ ನೀಲಾಳ ಉಡಿಗೆ ಬಿತ್ತು. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಓಣಿಯ ಯಾವಳೋ ಹಾಡು ಎತ್ತಿಕೊಂಡಳು, ಉಳಿದವರು ದನಿಗೂಡಿಸಿದರು. ಆ ಗದ್ದಲದಲ್ಲಿ ಲಲಿತಾಬಾಯಿ ಅರಿಶಿನ ಬಳಿದ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಅಂದಳು:

"ಇಷ್ಟ ತಡಾ ಮಾಡಿ ಬರೋದೇನು ಬೀಗಿತ್ತಿ? ಹಾದಿ ನೋಡಿ ನೋಡಿ ಸಾಕಾಗಿತ್ತು."

ಪಾರ್ವತಿ ನಕ್ಕಳು. ವಸ್ತ್ರದ ಆಚೆಗೆ ವಿಭೂತಿ ಕರಗಿ ಮೀಸೆಗೆ ಇಳಿಯುತ್ತಿದ್ದುದು ಆ ಕಡೆ ನಿಂತಿದ್ದ ನಬೀಸಾಬನಿಗೆ ಮಾತ್ರ ಕಂಡಿತು. ಅವನು ತಬಲಾದ ಮೇಲೆ ಜೋರಾಗಿ ಕೈ ಆಡಿಸಿದ.

ಮರುದಿನ ಬೆಳಿಗ್ಗೆ ಆಡಕಿಗೆ ಹೋಗುವ ಬಂಡಿ ಬೀಗರ ಮನೆಮುಂದೆ ನಿಂತಿತು. ಮಡಿವಾಳಯ್ಯ ಬಣ್ಣ ತೊಳೆದು ತನ್ನ ಅಂಗಿ ಧೋತರದಲ್ಲಿದ್ದ. ಮೀಸೆ ಮಾತ್ರ ಇನ್ನೂ ಅರ್ಧವೇ ಇತ್ತು. ಲಲಿತಾಬಾಯಿ ತುಪ್ಪದ ಗಡಿಗೆಯನ್ನು ಬಂಡಿಯಲ್ಲಿಟ್ಟು ಅವನ ಮುಖ ನೋಡಿ ಬಾಯಿಗೆ ಸೆರಗು ಹಿಡಿದಳು.

"ಬೀಗರ, ಆ ಉಳದ ಅರ್ಧಾನೂ ತಗಸಿಬಿಡ್ರಲ್ಲ. ಹಾದ್ಯಾಗ ಮಂದಿ ನಗತಾರ."

"ನಾಳಿಗಿ ತಗಸಿದ್ರಾಯ್ತು ಬಿಡ್ರಿ," ಅಂದ ಅವನು.

ನಬೀಸಾಬ ಮುಂದೆ ಎತ್ತುಗಳ ಹಗ್ಗ ಹಿಡಿದಿದ್ದ. ಹಿಂದೆ ಮಡಿವಾಳಯ್ಯ ಕೂತು, ತನ್ನ ಬಲಗಡೆಗೆ ಹುಲ್ಲು ಹಾಸಿ, ಮೇಲೆ ಕೌದಿ ಮಡಚಿ ಹಾಕಿ ಮಗಳಿಗೆ ಜಾಗ ಮಾಡಿದ್ದ. ಹಸಿರು ಸೀರೆಯುಟ್ಟ ನೀಲಾ ಅತ್ತೆಯ ಕೈ ಹಿಡಿದು ಬಂಡಿ ಹತ್ತಿದಳು. ಆ ಮೆತ್ತನೆಯ ಜಾಗವನ್ನೊಮ್ಮೆ ನೋಡಿದಳು, ಅಪ್ಪನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕೌದಿಯನ್ನೆತ್ತಿಕೊಂಡು, ಅವನ ಬೆನ್ನ ಹಿಂದಿನಿಂದ ಜೋಪಾನವಾಗಿ ದಾಟಿ, ಎಡಗಡೆಗೆ ಬಂದು ಕೂತಳು.