ಸುಂದೊಕ್ ಅಕ್ಕನ ಬೂಟು

ಟಪ್ — ಮತ್ತೆ ಟಪ್ — ಶೆಡ್ಡಿನ ಸೂರಿಗೆ ಸಿಂಪಡಿಸಿದ ಔಷಧಿ ಇನ್ನೂ ಹನಿಯುತ್ತಿರಬೇಕು, ಇಷ್ಟು ಸಣ್ಣ ಸದ್ದು ಈ ಮನೆಯಲ್ಲಿ ಯಾವತ್ತೂ ಕೇಳಿದ್ದಿಲ್ಲ, ರಾತ್ರಿಯೆಲ್ಲ ಆರು ಸಾವಿರ ಬಾತುಗಳ ಗೊಣಗಾಟ, ಹನ್ನೆರಡು ವರ್ಷ ಅದರ ಮೇಲೆಯೇ ತಲೆಯಿಟ್ಟು ಮಲಗಿದ್ದೇನೆ, ನಿನ್ನೆ ಬಿಳಿ ಉಡುಪಿನವರು ಬಂದರು, ಸಂಜೆಗೆ ಬಾತುಗಳನ್ನೆಲ್ಲ ಕೊಂದು ಹೂತು ಹೊಂಡ ಮುಚ್ಚಿ ಸುಣ್ಣ ಚೆಲ್ಲಿದರು, ನಾನು ಪರದೆ ಎಳೆದುಕೊಂಡು ಕೂತೆ — ಹಕ್ಕಿಜ್ವರ ಎಲ್ಲಿಂದ ಬಂತು, ನಮ್ಮ ನಾಜು ಊರಿನವರೆಲ್ಲ ಕೆರೆಯ ಕಡೆ ಬೆರಳು ತೋರಿಸುತ್ತಾರೆ, ಉತ್ತರದಿಂದ ಬಂದಿಳಿದ ಕಾಡುಬಾತುಗಳು, ಆಕಾಶಕ್ಕೆ ಬೇಲಿ ಹಾಕುವವರು ಯಾರು, ಆದರೆ ಅಧಿಕಾರಿ ಫೋನಿನಲ್ಲಿ ನನ್ನನ್ನೇ ಕೇಳಿದರು, ಓಡಾಟ ನಿಲ್ಲಿಸಿ ಅಂತ ಆದೇಶ ಬಂದ್ಮೇಲೆ ನಿಮ್ಮನೆಗೆ ಯಾರಾದ್ರೂ ಬಂದಿದ್ರಾಮ್ಮ, ನೆನಪು ಮಾಡ್ಕೊಳ್ಳಿ, ಬೆಳಿಗ್ಗೆ ಬಂದು ಬರ್ಕೋತೀನಿ.

ನೆನಪು ಮಾಡಿಕೊಳ್ಳಬೇಕೆ, ಗಂಡ ತೀರಿದ ಮೇಲೆ ಈ ಬಾಗಿಲಿಗೆ ಬರುವವಳು ಒಬ್ಬಳೇ, ಬದುವಿನಾಚೆ ಬಾತು ಸಾಕುವ ಸುಂದೊಕ್ ಅಕ್ಕ, ಆದೇಶ ಬಂದು ಹನ್ನೊಂದು ದಿನ ನಾನು ಮನುಷ್ಯರ ಮುಖ ನೋಡಿರಲಿಲ್ಲ, ಮುಸ್ಸಂಜೆ ಖಾರ ಹಚ್ಚಿ ಹುದುಗಿಸಿದ ಎಲೆಕೋಸಿನ ಕಿಮ್ಚಿಯ ಡಬ್ಬಿ ಹೊತ್ತು ಬಂದಳು, ಚಳಿಗಾಲದ ಕಿಮ್ಚಿ ಹಾಕಿ ನಿಂಗೆ ಕೊಡ್ದೆ ತಿಂದ್ರೆ ಗಂಟಲಲ್ಲಿ ಇಳಿಯುತ್ತೇನೇ, ಓದಿದೋಳು ನೀನು, ಕಾನೂನು ಹೇಳ್ಬೇಡ, ಬಾಯಿ ತೆಗಿ — ಎಲೆಕೋಸಿನ ಒಂದು ಎಲೆ ಸೀಳಿ ಕೈಯಾರೆ ತಿನ್ನಿಸಿದಳು, ಖಾರಕ್ಕೋ ಏನೋ ಕಣ್ಣಲ್ಲಿ ನೀರು, ಆಗಲೇ ಬಾತುಗಳು ಒಮ್ಮೆಲೇ ಬೆದರಿ ಕೂಗಿದವು, ಬೆಕ್ಕು ನುಗ್ಗಿತೇನೋ ಎಂದು ಓಡಿದೆ, ಹೊಸ್ತಿಲ ಕೆಳಗೆ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡೆ, ಇಲ್ಲಿ ಎಲ್ಲರೂ ಹಾಗೆಯೇ, ಯಾರದೆಂದು ನೋಡುವುದಿಲ್ಲ, ನನ್ನ ಚಪ್ಪಲಿಯಾಗಿದ್ದರೆ ಶೆಡ್ಡಿನ ಬಾಗಿಲಲ್ಲಿ ಬಿಟ್ಟು ಒಳಗಿನ ಬೂಟು ಹಾಕಿಕೊಳ್ಳುತ್ತಿದ್ದೆ, ಕಾಲಲ್ಲಿ ಆಗಲೇ ಬೂಟಿತ್ತು, ಬದಲಿಸಬೇಕೆಂದು ಹೊಳೆಯಲೇ ಇಲ್ಲ, ಬಾತುಗಳ ನಡುವೆ ನಿಂತು ದೀಪ ಹಾಕಿದಾಗ ಕಂಡಿತು, ಅಕ್ಕನ ಬೂಟು, ಅಂಚಿಗೆ ಅಂಟಿದ ಅವಳ ಶೆಡ್ಡಿನ ಭತ್ತದ ಹೊಟ್ಟು, ಅದಾದ ಮೂರನೇ ದಿನ ಅವಳ ಬಾತುಗಳು ಸಾಯತೊಡಗಿದವು, ಆರನೇ ದಿನ ನನ್ನವು — ಎಲ್ಲೂ ಹೋಗಿಲ್ಲ ಅಂತ ಬರೆಸಿದೀನಿ ಕಣೇ, ಎಂದಳು ಅಕ್ಕ ಫೋನಿನಲ್ಲಿ, ನೀನು ಹೇಳೋದಾದ್ರೆ ಹೇಳು, ಬೈಯಲ್ಲ, ಅವಳಿಗೆ ಬೂಟಿನ ವಿಷಯ ಗೊತ್ತಿಲ್ಲ, ಗೊತ್ತಾದರೆ ತನ್ನ ಕಾಲನ್ನೇ ಶಪಿಸಿಕೊಳ್ಳುತ್ತಾಳೆ, ಆ ಬದುವಿನ ಮೇಲೆ ಮತ್ತೆ ಹೆಜ್ಜೆಯಿಡುವುದಿಲ್ಲ, ಬೇಡ, ಅಧಿಕಾರಿಗೆ ಹೇಳುವುದಿಲ್ಲ, ಅಕ್ಕನಿಗೂ ಹೇಳುವುದಿಲ್ಲ, ಯಾರೂ ಬಂದಿಲ್ಲ ಎಂದು ಬರೆಸಿ ಸಹಿ ಮಾಡುತ್ತೇನೆ, ಈ ಮನೆಗೆ ಯಾರೂ ಬಂದಿಲ್ಲ, ಯಾರೂ — ಕಾಲು ತೂರಿಸಿದಾಗ ಬೂಟಿನೊಳಗೆ ಅವಳ ಪಾದದ ಬಿಸಿ ಇನ್ನೂ ಇತ್ತು, ಅದನ್ನೂ ಯಾರಿಗೂ ಹೇಳುವುದಿಲ್ಲ, ಆ ಬಿಸಿ, ಬೂಟಿನೊಳಗಿನ ಆ ಬಿಸಿ