ಕೆಂಪು ಚುಕ್ಕಿ ಬಿದ್ದ ಮಡು

ನದಿಯ ಮಡು ಬರಿದಾದ ಸುದ್ದಿ ಬಂದಾಗ ಮೀನುಗಾರಿಕೆ ಕಚೇರಿಯ ಸರ್ವೆಯವಳು ಬಿಸ್ಕತ್ತು ತಿನ್ನುತ್ತಿದ್ದಳು. ಕಚ್ಚಿದ ಬಿಸ್ಕತ್ತನ್ನು ಹಾಗೇ ಕೆಳಗಿಟ್ಟು ತಲೆ ಎತ್ತಿದಳು. ಎದುರಿನ ಗೋಡೆಯ ಮೇಲೆ ಅವಳೇ ಬರೆದ ನಕ್ಷೆ, ಅದರಲ್ಲಿ ಅವಳೇ ಇಟ್ಟ ಕೆಂಪು ಚುಕ್ಕಿ.

ಅವಳೇನು ಹೊರಗಿನವಳೇ? ಆ ದಡದ ಮೀನುಗಾರರ ಕೇರಿಯಲ್ಲಿ, ದೊಡ್ಡಮ್ಮನ ಕೈಯಲ್ಲಿ ಬೆಳೆದವಳು. ಬೇಸಿಗೆಯಲ್ಲಿ ನದಿ ಸೊರಗಿದಾಗ ತಾಯಿಮೀನುಗಳೆಲ್ಲ ಆಳದ ಮಡುವೊಂದನ್ನು ಸೇರುತ್ತವೆ. ಯಾವ ಮಡುವೆಂದು ಕೇರಿಯ ಹಿರಿಯರು ಪ್ರತಿ ವರ್ಷ ಅಂಗಾಲಿನಿಂದಲೇ ಕಂಡುಹಿಡಿಯುತ್ತಾರೆ. ತಳದ ಒರತೆ ಎಲ್ಲಿ ಕಾಲಿಗೆ ತಣ್ಣಗೆ ತಾಕುತ್ತದೋ ಅದೇ. ಹೊಸ ನೀರು ಬರುವವರೆಗೆ ಅಲ್ಲಿ ಬಲೆ ಬೀಳುವುದಿಲ್ಲ. ಪರರಿಗೆ ಅದರ ಸುಳಿವೂ ಕೊಡುವುದಿಲ್ಲ. ಹೋದ ತಿಂಗಳು ದೊಡ್ಡಮ್ಮ ಅವಳ ಕೈಹಿಡಿದು ನೀರಿಗಿಳಿಸಿ, "ತಣ್ಣಗಾಯ್ತಾ? ಹಾಂ. ನನ್ನ ನಂತರ ಇದನ್ನ ಕಾಯೋಳು ನೀನೇ" ಎಂದಿದ್ದಳು.

ಕಾದಳು, ಚೆನ್ನಾಗಿಯೇ ಕಾದಳು! ಮರುವಾರವೇ ಆಳ, ಅಗಲ, ದಾರಿ ಸಮೇತ ನಕ್ಷೆಗೆ ಏರಿಸಿದಳು. ಕಾಗದದಲ್ಲಿದ್ದರೆ ಮಡುವಿಗೆ ರಕ್ಷಣೆ ಸಿಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನಿಜ ಹೇಳಬೇಕೆಂದರೆ, ಸಾಹೇಬರು ಶಹಬ್ಬಾಸ್ ಎನ್ನಲಿ ಎಂಬ ಆಸೆ. ಎಂದರು ಕೂಡ. ನಕ್ಷೆ ಗೋಡೆಗೇರಿತು. ಕಚೇರಿಗೆ ಬಂದುಹೋಗುವ ಗುತ್ತಿಗೆದಾರರಿಗೆ ಕಣ್ಣಿಲ್ಲವೇ? ಅವರಲ್ಲೊಬ್ಬ ಎರಡೇ ದಿನದಲ್ಲಿ ಮಡುವನ್ನು ಗುಡಿಸಿ ಗುಂಡಾಂತರ ಮಾಡಿ, ಲಾರಿ ತುಂಬಿಕೊಂಡು ಹೋದ.

ಭಾನುವಾರ ದೊಡ್ಡಮ್ಮನ ಬಾಗಿಲಲ್ಲಿ ನಿಂತಾಗ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಒಳಗೆ ಐದಾರು ಹಿರಿಯರು ಕೂತಿದ್ದರು.

"ದೊಡ್ಡಮ್ಮಾ, ಆ ಜಾಗ ನಕ್ಷೇಲಿ ತೋರಿಸಿದ್ದು ನಾನೇ."

"ಗೊತ್ತು ಕಣೇ. ಊಟ ಆಯ್ತಾ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಎಲ್ಲರೆದುರು ತಲೆ ಎತ್ತಲಾಗದೆ, ಬಡಿಸಿದ್ದನ್ನು ನಾಚಿಕೆಯ ಜೊತೆಗೇ ನುಂಗಿದಳು. ಯಾರೂ ಅವಳತ್ತ ದುರುಗುಟ್ಟಿ ಸಹ ನೋಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಒಂದಿಷ್ಟು ತಪ್ಪಿಸ್ಕೊಂಡು ಬೇರೆ ಮಡು ಸೇರಿರ್ತಾವೆ," ಬಲೆ ಹೆಣೆಯುವ ಮುದುಕ ಗಡ್ಡ ಕೆರೆಯುತ್ತ ಹೇಳಿದ. "ಮೀನಿಗೆ ನಮಗಿಂತ ಬುದ್ಧಿ ಜಾಸ್ತಿ. ನಡೀರಿ, ಹುಡುಕೋಣ."

ಎಲ್ಲರೂ ಹೊರಟರು. ಅವಳೂ ಹಿಂದೆಯೇ ಹೋದಳು. ಈ ಸಲ ಬಾಯಿ ಹೊಲಿದುಕೊಂಡಾದರೂ ಕಾಯುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಳು. ದಡದಲ್ಲಿ ಹಿರಿಯರು ಚಪ್ಪಲಿ ಬಿಟ್ಟು, ಬಟ್ಟೆ ಎತ್ತಿಕಟ್ಟಿ, ಒಬ್ಬೊಬ್ಬರಾಗಿ ನೀರಿಗಿಳಿದರು. ಅವಳೂ ಬಗ್ಗಿ ಪ್ಯಾಂಟು ಮಡಿಚತೊಡಗಿದಳು.

ದೊಡ್ಡಮ್ಮ ತಿರುಗಿ ನೋಡಿದಳು. ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ.

"ನೀನು ಇಲ್ಲೇ ಕೂತಿರು ಮಗಾ. ಚಪ್ಪಲಿ ನೋಡ್ಕೊಂಡಿರು."

ಆ ದಡದಲ್ಲಿ ಚಪ್ಪಲಿ ಕದಿಯುವವರು ಯಾರೂ ಇರಲಿಲ್ಲ. ಮಡಿಚಿದ ಪ್ಯಾಂಟನ್ನು ಮತ್ತೆ ಕೆಳಗಿಳಿಸಿ, ಅವಳು ಚಪ್ಪಲಿಗಳ ಪಕ್ಕ ಕೂತಳು. ಅವರು ಯಾವ ಕಡೆ ಹೋದರೆಂದು ಅಪ್ಪಿತಪ್ಪಿಯೂ ಕಣ್ಣಿಗೆ ಬೀಳಬಾರದೆಂದು ನದಿಗೆ ಬೆನ್ನು ಹಾಕಿದಳು.